ಏದುಸಿರನ್ನು ಸಹಿಸಬೇಕಾಗಿಲ್ಲ

ಕೀಮೋ ಪಡೆಯುತ್ತಿರುವವರಿಗೆ ಮೆಟ್ಟಿಲು ಹತ್ತಿದಾಗ ಏದುಸಿರು ಬಂದರೆ, ರಾತ್ರಿ ಒಣಕೆಮ್ಮು ಹತ್ತಿದರೆ, ಸಂಜೆ ಹೊತ್ತಿಗೆ ಪಾದ ಊದಿಕೊಂಡರೆ ಸುತ್ತಲಿನವರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: ‘ಕೀಮೋ ಅಂದ್ಮೇಲೆ ಸುಸ್ತು ಇದ್ದೇ ಇರುತ್ತೆ. ಇನ್ನೆರಡು ಸೈಕಲ್ ತಾನೆ, ತಡ್ಕೊಂಡುಬಿಡಿ.’ ಈ ಮಾತಿನಲ್ಲಿ ಪ್ರೀತಿಯಿದೆ, ಧೈರ್ಯ ತುಂಬುವ ಆಸೆಯಿದೆ. ಹೆಚ್ಚಿನವರ ವಿಷಯದಲ್ಲಿ ಅದು ನಿಜವೂ ಹೌದು. ರಕ್ತ ಕಡಿಮೆಯಾಗಿರುತ್ತದೆ, ಊಟ ಸೇರುತ್ತಿರುವುದಿಲ್ಲ, ನಿದ್ದೆ ಕೆಟ್ಟಿರುತ್ತದೆ, ಸುಸ್ತಾಗದೆ ಇನ್ನೇನು? ಆದರೆ ಹೃದಯ ಸೋಲಲು ಶುರುವಾದಾಗಲೂ, ಶ್ವಾಸಕೋಶಕ್ಕೆ ಉರಿಯೂತ ಹತ್ತಿದಾಗಲೂ ದೇಹ ಮೊದಲು ತೋರಿಸುವುದು ಇದೇ ಸುಸ್ತನ್ನು, ಇದೇ ಏದುಸಿರನ್ನು, ಇದೇ ಕೆಮ್ಮನ್ನು. ಯಾವುದು ಸಾಧಾರಣ ಸುಸ್ತು, ಯಾವುದು ಅಪಾಯದ ಮುನ್ಸೂಚನೆ ಎಂದು ರೋಗಿಯಾಗಲಿ ಮನೆಯವರಾಗಲಿ ಮುಖ ನೋಡಿ ಹೇಳಲಾರರು. ಅದನ್ನು ಅಳೆದೇ ತಿಳಿಯಬೇಕು.

ಕ್ಯಾನ್ಸರ್ ರೋಗಿಯ ಸಹನೆಯನ್ನು ನಾವು ಬಹಳವಾಗಿ ಮೆಚ್ಚುತ್ತೇವೆ. ‘ಒಂದು ದಿನವೂ ನರಳಲಿಲ್ಲ’ ಎನ್ನುವುದು ನಮ್ಮಲ್ಲಿ ದೊಡ್ಡ ಪ್ರಶಂಸೆ. ವಾಂತಿಯನ್ನೋ ಬಾಯಿಹುಣ್ಣನ್ನೋ ಸಹಿಸಿಕೊಂಡವರು ನೋವು ಉಣ್ಣುತ್ತಾರೆ, ಆಮೇಲೆ ಚೇತರಿಸಿಕೊಳ್ಳುತ್ತಾರೆ. ಹೃದಯ, ಶ್ವಾಸಕೋಶಗಳ ವಿಷಯ ಹಾಗಲ್ಲ. ಇಲ್ಲಿ ಸಹಿಸಿಕೊಂಡ ಪ್ರತಿ ವಾರವೂ ಮರಳಿ ಸರಿಯಾಗುವ ಅವಕಾಶವನ್ನು ಕಿತ್ತುಕೊಳ್ಳುತ್ತದೆ. ಹಾಗಾಗಿ ಈ ಅಡ್ಡಪರಿಣಾಮಗಳನ್ನು ಎದುರಿಸುವುದೆಂದರೆ ಬೇಗ ಹೇಳುವುದು, ಬೇಗ ಅಳೆಯಿಸುವುದು, ಅಳೆದದ್ದನ್ನು ಬರೆದಿಡುವುದು ಎಂದೇ ನಾನು ನಂಬಿದ್ದೇನೆ. ಈ ಹೊರೆಯನ್ನು ರೋಗಿಯೊಬ್ಬರ ತಲೆಯ ಮೇಲೆ ಹಾಕಿ ಕೈತೊಳೆದುಕೊಳ್ಳುವುದು ಅನ್ಯಾಯ ಎಂದೂ ನಂಬಿದ್ದೇನೆ.

ಕೀಮೋ ವಾರ್ಡಿನಲ್ಲಿ ‘ಕೆಂಪು ಔಷಧಿ’ ಎಂದರೆ ಎಲ್ಲರಿಗೂ ಗೊತ್ತು. ಅದರ ಹೆಸರು ಡಾಕ್ಸೊರುಬಿಸಿನ್. ಏಡ್ರಿಯಾಮೈಸಿನ್ ಎಂದೂ ಕರೆಯುತ್ತಾರೆ. ಅದರ ಮೂಲ ಇಟಲಿಯ ಅಪೂಲಿಯ ಪ್ರಾಂತ್ಯದ ಮಣ್ಣು. ಅಲ್ಲಿನ ಕಾಸ್ತೆಲ್ ದೆಲ್ ಮೊಂತೆ ಎಂಬ ಹಳೆಯ ಕೋಟೆಯ ಸುತ್ತಲಿನ ಮಣ್ಣಿನಲ್ಲಿ 1950ರ ದಶಕದಲ್ಲಿ ಫಾರ್ಮಿಟಾಲಿಯ ಕಂಪನಿಯ ಸಂಶೋಧಕರಿಗೆ ಸ್ಟ್ರೆಪ್ಟೊಮೈಸಿಸ್ ಜಾತಿಯ ಒಂದು ಸೂಕ್ಷ್ಮಾಣು ಸಿಕ್ಕಿತು. ಅದು ಕಡುಕೆಂಪು ವಸ್ತುವೊಂದನ್ನು ತಯಾರಿಸುತ್ತಿತ್ತು. ಮೊದಲು ಡೌನೊರುಬಿಸಿನ್ ಬಂತು, ಅದರ ಬೆನ್ನಿಗೆ ಡಾಕ್ಸೊರುಬಿಸಿನ್. ಏಡ್ರಿಯಾಟಿಕ್ ಸಮುದ್ರ ಹತ್ತಿರವಿದ್ದದ್ದರಿಂದ ಏಡ್ರಿಯಾಮೈಸಿನ್ ಎಂಬ ಹೆಸರೂ ಬಿತ್ತು. ಸ್ತನದ ಕ್ಯಾನ್ಸರ್, ಲಿಂಫೋಮಾ, ರಕ್ತದ ಕ್ಯಾನ್ಸರ್, ಮೂಳೆಯ ಗೆಡ್ಡೆ ಎಲ್ಲಕ್ಕೂ ಈ ಬಳಗದ ಔಷಧಿಗಳು ಇಂದಿಗೂ ಬೇಕು. ಲಕ್ಷಾಂತರ ಜನರನ್ನು ಉಳಿಸಿದ ಔಷಧಿ ಇದು. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಮುಂದಿನ ಮಾತು ಯಾರನ್ನೂ ಚಿಕಿತ್ಸೆಯಿಂದ ಹಿಂದೆ ಸರಿಸಬಾರದು.

ಇದೇ ಔಷಧಿ ಹೃದಯದ ಸ್ನಾಯುವಿನ ಜೀವಕೋಶಗಳನ್ನೂ ಕೊಲ್ಲುತ್ತದೆ. ಆ ಜೀವಕೋಶಗಳು ಕೂದಲಿನ ಹಾಗೆ ಮತ್ತೆ ಹುಟ್ಟುವಂಥವಲ್ಲ. ಹಾನಿಯಾಗುವುದು ಒಟ್ಟು ಎಷ್ಟು ಔಷಧಿ ದೇಹಕ್ಕೆ ಸೇರಿತು ಎನ್ನುವುದರ ಮೇಲೆ. ಡೇನಿಯಲ್ ವಾನ್ ಹಾಫ್ ಮತ್ತು ಸಂಗಡಿಗರು 1979ರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ತಿರುವಿ ನೋಡಿ ಒಂದು ಲೆಕ್ಕ ಕೊಟ್ಟರು. ದೇಹದ ಮೇಲ್ಮೈಯ ಪ್ರತಿ ಚದರ ಮೀಟರ್‌ಗೆ ಒಟ್ಟು 400 ಮಿಲಿಗ್ರಾಂ ಸೇರಿದಾಗ 100ರಲ್ಲಿ 3 ಮಂದಿಗೆ, 550 ಆದಾಗ 7 ಮಂದಿಗೆ, 700 ಆದಾಗ 18 ಮಂದಿಗೆ ಹೃದಯ ವೈಫಲ್ಯ. ಸಾಂಡ್ರಾ ಸ್ವೇನ್ ತಂಡ 2003ರಲ್ಲಿ, ಕ್ಲಿನಿಕಲ್ ಪ್ರಯೋಗಗಳಲ್ಲಿ ಹೃದಯದ ಮೇಲೆ ನಿಗಾ ಇಟ್ಟಿದ್ದ ರೋಗಿಗಳ ಲೆಕ್ಕ ತೆಗೆಯಿತು. ಅದೇ ಮೂರು ಪ್ರಮಾಣಗಳಿಗೆ ಅವರಿಗೆ ಸಿಕ್ಕ ಅಂಕಿ 5, 26 ಮತ್ತು 48. ಎರಡು ಲೆಕ್ಕಗಳ ನಡುವಿನ ಈ ಅಂತರವನ್ನು ಓದುಗರು ಒಂದು ಕ್ಷಣ ನಿಂತು ನೋಡಬೇಕು. ಔಷಧಿ ಅದೇ, ಮನುಷ್ಯರ ಹೃದಯವೂ ಅದೇ. ಹುಡುಕಿದಲ್ಲಿ ಹೆಚ್ಚು ಕಂಡಿತು, ಹುಡುಕದಿದ್ದಲ್ಲಿ ಎಷ್ಟೋ ಮಂದಿಯ ತೊಂದರೆ ಬಹುಶಃ ‘ಸುಸ್ತು’ ಎಂಬ ಖಾತೆಗೆ ಹೋಯಿತು.

ಭಯಪಡುವ ಮೊದಲು ನಮ್ಮಲ್ಲಿ ಸಾಮಾನ್ಯವಾಗಿ ಕೊಡುವ ಪ್ರಮಾಣವನ್ನೂ ನೋಡಿ. ಸ್ತನದ ಕ್ಯಾನ್ಸರ್‌ಗೆ ಪ್ರತಿ ಸೈಕಲ್‌ಗೆ ಚದರ ಮೀಟರ್‌ಗೆ 60 ಮಿಲಿಗ್ರಾಂನಂತೆ ನಾಲ್ಕು ಸೈಕಲ್ ಕೊಟ್ಟರೆ ಒಟ್ಟು 240. ಲಿಂಫೋಮಾಕ್ಕೆ 50ರಂತೆ ಆರು ಸೈಕಲ್ ಕೊಟ್ಟರೆ 300. ಎರಡೂ ಆ 400ರ ಗಡಿಯ ಕೆಳಗೇ ಇವೆ. ಬಹುಪಾಲು ಜನರ ಹೃದಯ ಈ ಚಿಕಿತ್ಸೆಯನ್ನು ದಾಟಿ ಬರುತ್ತದೆ. ಆದರೆ ಅರವತ್ತೈದು ದಾಟಿದವರು, ಬಿಪಿ, ಸಕ್ಕರೆ ಕಾಯಿಲೆ ಇರುವವರು, ಹಿಂದೆ ಹೃದಯದ ತೊಂದರೆ ಆದವರು, ಎದೆಯ ಭಾಗಕ್ಕೆ ರೇಡಿಯೇಷನ್ ಪಡೆದವರು, ಇವರಿಗೆ ಕಡಿಮೆ ಪ್ರಮಾಣವೂ ಭಾರವಾಗಬಹುದು. ಐವತ್ತು ದಾಟಿದವರಲ್ಲಿ ಯಾರಿಗೂ ಬಿಪಿ, ಶುಗರ್ ಇಲ್ಲದ ಮನೆಗಳು ನಮ್ಮ ಬೀದಿಗಳಲ್ಲಿ ಎಷ್ಟಿವೆ?

ಇಟಲಿಯ ಮಿಲಾನ್ ನಗರದ ಹೃದ್ರೋಗ ತಜ್ಞೆ ಡಾನಿಯೆಲಾ ಕಾರ್ದಿನಾಲೆ ಅವರ ಕೆಲಸ ಈ ಇಡೀ ಚರ್ಚೆಯ ತಿರುವು ಎಂದು ನನಗನ್ನಿಸುತ್ತದೆ. ಈ ಬಳಗದ ಔಷಧಿಯಿಂದ ಹೃದಯ ಬಲಗುಂದಿದ ರೋಗಿಗಳಿಗೆ ಹೃದಯದ ಔಷಧಿ ಯಾವಾಗ ಶುರುವಾಯಿತು ಎನ್ನುವುದನ್ನು ಅವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೋಡಿದರು. ಕೀಮೋ ಮುಗಿದ ಎರಡು ತಿಂಗಳೊಳಗೆ ಶುರು ಮಾಡಿದವರಲ್ಲಿ 100ಕ್ಕೆ 64 ಮಂದಿಯ ಹೃದಯ ಚೇತರಿಸಿಕೊಂಡಿತು. ಆರು ತಿಂಗಳ ನಂತರ ಶುರು ಮಾಡಿದವರಲ್ಲಿ ಪೂರ್ತಿ ಚೇತರಿಸಿಕೊಂಡವರು ಒಬ್ಬರೂ ಇಲ್ಲ. 2015ರಲ್ಲಿ ಅವರ ತಂಡ 2625 ರೋಗಿಗಳನ್ನು ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಯ ಮೂಲಕ ಹಿಂಬಾಲಿಸಿದ ಫಲಿತಾಂಶ ಬಂತು. ಸುಮಾರು 9 ಶೇಕಡಾ ಜನರಿಗೆ ಹೃದಯದ ತೊಂದರೆ ಆಗಿತ್ತು, ಅದರಲ್ಲಿ 98 ಶೇಕಡಾ ಮೊದಲ ವರ್ಷದಲ್ಲೇ ಕಾಣಿಸಿಕೊಂಡಿತ್ತು. ತಕ್ಷಣ ಚಿಕಿತ್ಸೆ ಕೊಟ್ಟದ್ದರಿಂದ 82 ಶೇಕಡಾ ಮಂದಿಯ ಹೃದಯ ಪೂರ್ತಿಯಾಗಿ ಇಲ್ಲವೇ ಭಾಗಶಃ ಸುಧಾರಿಸಿತು. ಕೊಟ್ಟ ಔಷಧಿ ಯಾವುದು? ಎನಾಲಪ್ರಿಲ್ ಮತ್ತು ಬೀಟಾ ಬ್ಲಾಕರ್ ಜಾತಿಯ ಮಾತ್ರೆಗಳು. ನಮ್ಮ ಊರಿನ ಯಾವ ಮೆಡಿಕಲ್ ಅಂಗಡಿಯಲ್ಲೂ ಸಿಗುವ, ಹಳೆಯ, ಅಗ್ಗದ ಮಾತ್ರೆಗಳು. ತೊಂದರೆ ಇರುವುದು ಔಷಧಿಯ ಬೆಲೆಯಲ್ಲಿ ಅಲ್ಲ, ನಾವು ಕಳೆದುಕೊಳ್ಳುವ ಆ ಮೊದಲ ತಿಂಗಳುಗಳಲ್ಲಿ.

ಟ್ರಾಸ್ಟುಜುಮಾಬ್ ಎಂಬ ಔಷಧಿಯ ಕಥೆ ಇನ್ನೊಂದು ರೀತಿಯದು. ಹರ್-2 ಪಾಸಿಟಿವ್ ಸ್ತನ ಕ್ಯಾನ್ಸರ್ ಇರುವವರಿಗೆ ಇದನ್ನು ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ. ಅಮೆರಿಕದಲ್ಲಿ 1998ರಲ್ಲಿ ಬಳಕೆಗೆ ಬರುವ ಮೊದಲಿನ ಪ್ರಯೋಗದಲ್ಲಿ ಇದನ್ನು ಡಾಕ್ಸೊರುಬಿಸಿನ್ ಬಳಗದ ಔಷಧಿಯ ಜೊತೆಯಲ್ಲೇ ಕೊಟ್ಟು ನೋಡಿದ್ದರು. 2001ರಲ್ಲಿ ಪ್ರಕಟವಾದ ಡೆನಿಸ್ ಸ್ಲೇಮನ್ ತಂಡದ ಅಧ್ಯಯನದಲ್ಲಿ, ಎರಡನ್ನೂ ಒಟ್ಟಿಗೆ ಪಡೆದವರಲ್ಲಿ 27 ಶೇಕಡಾ ಮಂದಿಯ ಹೃದಯ ಬಲಗುಂದಿತ್ತು. ಟ್ರಾಸ್ಟುಜುಮಾಬ್ ಇಲ್ಲದೆ ಕೀಮೋ ಮಾತ್ರ ಪಡೆದವರಲ್ಲಿ 8 ಶೇಕಡಾ. ಆ ಸಂಖ್ಯೆಯನ್ನು ಮುಚ್ಚಿಡದೆ ಬರೆದದ್ದರಿಂದಲೇ ಮುಂದಿನ ಹೆಂಗಸರು ಬಚಾವಾದರು. ಈಗ ಎರಡನ್ನೂ ಒಂದರ ನಂತರ ಒಂದು ಕೊಡುತ್ತಾರೆ, ಮೂರು ತಿಂಗಳಿಗೊಮ್ಮೆ ಎಕೋ ಮಾಡಿಸುತ್ತಾರೆ. ಈ ಔಷಧಿಯ ಅಗ್ಗದ ರೂಪವನ್ನು ಬೆಂಗಳೂರಿನ ಬಯೋಕಾನ್ ಕಂಪನಿ 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. ಅದು ಸಂತೋಷದ ಸಂಗತಿ. ಔಷಧಿ ಹೆಚ್ಚು ಹೆಂಗಸರಿಗೆ ತಲುಪಿದಂತೆ ಅದರ ಹಿಂದೆ ಎಕೋ ಕೂಡ ತಲುಪಬೇಕು ಎನ್ನುವುದಷ್ಟೇ ನನ್ನ ಆಗ್ರಹ.

ಈ ಔಷಧಿಯ ಬಗ್ಗೆ ಗೊತ್ತಿರಲೇಬೇಕಾದ ಒಂದು ವಿಷಯವಿದೆ. ಟ್ರಾಸ್ಟುಜುಮಾಬ್‌ನಿಂದ ಹೃದಯ ಬಲಗುಂದಿದರೆ ಅದು ಹೆಚ್ಚಿನವರಲ್ಲಿ ಔಷಧಿ ನಿಲ್ಲಿಸಿದ ಮೇಲೆ ಮರಳಿ ಸರಿಯಾಗುತ್ತದೆ, ಆಮೇಲೆ ಅನೇಕರಿಗೆ ಅದೇ ಔಷಧಿಯನ್ನು ಮತ್ತೆ ಶುರು ಮಾಡಲೂ ಆಗುತ್ತದೆ. ‘ಉಸಿರು ಕಟ್ಟುತ್ತೆ ಅಂತ ಹೇಳಿದರೆ ಇಂಜೆಕ್ಷನ್ ನಿಲ್ಲಿಸಿಬಿಡ್ತಾರೆ, ಕ್ಯಾನ್ಸರ್ ಮತ್ತೆ ಬರುತ್ತೆ’ ಎಂದು ಬಾಯಿಮುಚ್ಚಿಕೊಂಡು ಕೂರುವ ಹೆಂಗಸರಿದ್ದಾರೆ. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಮೌನದಿಂದ ಆಗುವುದು ಅವರು ಅಂದುಕೊಂಡದ್ದರ ತದ್ವಿರುದ್ಧ. ಬೇಗ ಹೇಳಿದವರಿಗೆ ಕೆಲವು ವಾರಗಳ ವಿರಾಮ ಸಿಕ್ಕಿ, ಹೃದಯದ ಮಾತ್ರೆ ಸಿಕ್ಕಿ, ಚಿಕಿತ್ಸೆ ಮುಂದುವರಿಯುವ ಸಾಧ್ಯತೆ ಇರುತ್ತದೆ. ತಡವಾಗಿ ಹೇಳಿದವರು ಆಂಬುಲೆನ್ಸಿನಲ್ಲಿ ಬರುತ್ತಾರೆ; ಅಂಥವರಿಗೆ ಚಿಕಿತ್ಸೆ ನಿಜಕ್ಕೂ ನಿಲ್ಲುತ್ತದೆ.

ಶ್ವಾಸಕೋಶದ ವಿಷಯಕ್ಕೆ ಬಂದರೆ ಹೆಚ್ಚು ಎಚ್ಚರ ಬೇಡುವ ಔಷಧಿ ಬ್ಲಿಯೊಮೈಸಿನ್. ಜಪಾನಿನ ಹಮಾವೊ ಉಮೆಜಾವಾ 1960ರ ದಶಕದಲ್ಲಿ ಕಂಡುಹಿಡಿದದ್ದು. ಹಾಡ್ಜ್‌ಕಿನ್ ಲಿಂಫೋಮಾಕ್ಕೂ ವೃಷಣದ ಕ್ಯಾನ್ಸರ್‌ಗೂ ಕೊಡುತ್ತಾರೆ. ಅಂದರೆ ಹೆಚ್ಚಾಗಿ ಇಪ್ಪತ್ತು, ಮೂವತ್ತರ ವಯಸ್ಸಿನವರಿಗೆ. ದೇಹದ ಬಹಳಷ್ಟು ಭಾಗಗಳಲ್ಲಿ ಈ ಔಷಧಿಯನ್ನು ಒಡೆದುಹಾಕುವ ಕಿಣ್ವವೊಂದಿದೆ. ಚರ್ಮದಲ್ಲಿ ಮತ್ತು ಶ್ವಾಸಕೋಶದಲ್ಲಿ ಅದು ತೀರಾ ಕಡಿಮೆ. ಹಾಗಾಗಿ ಔಷಧಿ ಅಲ್ಲೇ ಉಳಿದು ಉರಿಯೂತ ಎಬ್ಬಿಸುತ್ತದೆ, ಕೆಲವರಲ್ಲಿ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತದೆ. ಒಟ್ಟು ಪ್ರಮಾಣ 400 ಯೂನಿಟ್ ದಾಟಿದರೆ ಅಪಾಯ ಬಹಳ ಏರುತ್ತದೆ. ವೃಷಣದ ಕ್ಯಾನ್ಸರ್‌ಗೆ ವಾರಕ್ಕೆ 30 ಯೂನಿಟ್‌ನಂತೆ ಒಂಬತ್ತರಿಂದ ಹನ್ನೆರಡು ಸಲ ಕೊಟ್ಟರೆ 270ರಿಂದ 360 ಆಯಿತು, ಗಡಿ ದೂರವೇನಿಲ್ಲ. ಮೂತ್ರಪಿಂಡ ಸರಿಯಿಲ್ಲದವರು, ನಲವತ್ತು ದಾಟಿದವರು, ಬೀಡಿ ಸಿಗರೇಟು ಸೇದುವವರು ಇದಕ್ಕಿಂತ ಕಡಿಮೆಯಲ್ಲೂ ತೊಂದರೆಗೆ ಸಿಗಬಹುದು.

ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ಗೆ 1996ರಲ್ಲಿ ವೃಷಣದ ಕ್ಯಾನ್ಸರ್ ಬಂದಾಗ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ವೈದ್ಯರು ಬ್ಲಿಯೊಮೈಸಿನ್ ಬದಲು ಐಫಾಸ್ಫಮೈಡ್ ಎಂಬ ಬೇರೆ ಔಷಧಿ ಇರುವ ಚಿಕಿತ್ಸೆಯನ್ನು ಆರಿಸಿಕೊಂಡರು. ಶ್ವಾಸಕೋಶ ಉಳಿಯಲಿ ಎನ್ನುವುದು ಉದ್ದೇಶ. ಆಮೇಲೆ ಆತ ಉದ್ದೀಪನ ಮದ್ದು ಸೇವಿಸಿ ಪ್ರಶಸ್ತಿಗಳನ್ನು ಕಳೆದುಕೊಂಡದ್ದು ಬೇರೆಯೇ ವಿಷಯ, ಅದನ್ನು ನಾನು ಸಮರ್ಥಿಸುವುದಿಲ್ಲ. ಇಲ್ಲಿ ನನಗೆ ಮುಖ್ಯವೆನಿಸುವುದು ವೈದ್ಯರು ಕೇಳಿಕೊಂಡ ಪ್ರಶ್ನೆ: ಈ ಮನುಷ್ಯ ಗುಣವಾದ ಮೇಲೆ ಬದುಕುವುದು ಯಾವ ಕೆಲಸ ಮಾಡಿಕೊಂಡು? ಚಾಂಪಿಯನ್ ಸೈಕಲ್ ಪಟುವಿಗೆ ಕೇಳಿದ ಪ್ರಶ್ನೆಯನ್ನು ಮೂಟೆ ಹೊರುವ ಹಮಾಲಿಗೂ, ಕಾಫಿ ತೋಟದ ಇಳಿಜಾರು ಹತ್ತುವ ಕೂಲಿಯಾಳಿಗೂ, ಶಹನಾಯಿ ಊದುವವನಿಗೂ ಕೇಳಬೇಕು. ಅವರ ಅನ್ನವೂ ಉಸಿರಿನ ಮೇಲೇ ನಿಂತಿದೆ. ಎಲ್ಲರಿಗೂ ಔಷಧಿ ಬದಲಿಸಬೇಕು ಎಂದಲ್ಲ. ಬದಲಿ ಔಷಧಿಗೆ ಅದರದೇ ಕಷ್ಟಗಳಿವೆ, ರಕ್ತಕಣಗಳು ಹೆಚ್ಚು ಕುಸಿಯುತ್ತವೆ. ಪ್ರಶ್ನೆಯನ್ನು ಕೇಳಿ, ಉತ್ತರವನ್ನು ರೋಗಿಯ ಎದುರೇ ತೂಗಬೇಕು ಎನ್ನುತ್ತಿದ್ದೇನೆ.

ತೂಗಿ ನೋಡಿದ್ದರಿಂದ ಏನು ಲಾಭವಾಗುತ್ತದೆ ಎನ್ನುವುದಕ್ಕೆ 2016ರಲ್ಲಿ ಪ್ರಕಟವಾದ ರಾಥೆಲ್ ಎಂಬ ಪ್ರಯೋಗ ಸಾಕ್ಷಿ. ಮುಂದುವರಿದ ಹಂತದ ಹಾಡ್ಜ್‌ಕಿನ್ ಲಿಂಫೋಮಾ ರೋಗಿಗಳಿಗೆ ಎರಡು ಸೈಕಲ್ ಆದ ಮೇಲೆ ಪೆಟ್ ಸ್ಕ್ಯಾನ್ ಮಾಡಿದರು. ಸ್ಕ್ಯಾನ್ ಚೆನ್ನಾಗಿ ಬಂದವರಲ್ಲಿ ಅರ್ಧದಷ್ಟು ಮಂದಿಗೆ ಉಳಿದ ಸೈಕಲ್‌ಗಳಲ್ಲಿ ಬ್ಲಿಯೊಮೈಸಿನ್ ಬಿಟ್ಟರು. ಮೂರು ವರ್ಷದ ನಂತರ ಕಾಯಿಲೆ ಮರುಕಳಿಸದೆ ಇದ್ದವರ ಪ್ರಮಾಣ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ, 85 ಶೇಕಡಾದ ಆಸುಪಾಸು. ಶ್ವಾಸಕೋಶದ ತೊಂದರೆ ಮಾತ್ರ ಔಷಧಿ ಬಿಟ್ಟವರಲ್ಲಿ ಕಡಿಮೆ. ಅಡ್ಡಪರಿಣಾಮವನ್ನು ಗಂಭೀರವಾಗಿ ತೆಗೆದುಕೊಂಡರೆ ಕ್ಯಾನ್ಸರ್ ಚಿಕಿತ್ಸೆ ದುರ್ಬಲವಾಗುತ್ತದೆ ಎಂದು ಹೇಳುವವರು ಇದನ್ನು ನೆನಪಿಡಬೇಕು.

ನಮ್ಮ ದೇಶದಲ್ಲಿ ಶ್ವಾಸಕೋಶದ ಅಡ್ಡಪರಿಣಾಮಕ್ಕೆ ಇನ್ನೊಂದು ತೊಡಕಿದೆ. ಒಣಕೆಮ್ಮು, ಸಣ್ಣ ಜ್ವರ, ತೂಕ ಇಳಿತ, ಎಕ್ಸ್‌ರೇಯಲ್ಲಿ ಮಬ್ಬು. ಇಷ್ಟು ಕಂಡರೆ ಇಲ್ಲಿನ ವೈದ್ಯರಿಗೆ ಮೊದಲು ಹೊಳೆಯುವುದು ಟಿ.ಬಿ. ಅದು ತಪ್ಪೂ ಅಲ್ಲ. ಕೀಮೋದಿಂದ ಪ್ರತಿರೋಧ ಶಕ್ತಿ ಕುಗ್ಗಿದವರಿಗೆ ಟಿ.ಬಿ. ಬರುವುದೂ ಉಂಟು, ಕಫ ಪರೀಕ್ಷೆ ಮಾಡಿಸಲೇಬೇಕು. ಆದರೆ ಊರಿನ ವೈದ್ಯರಿಗೆ ಈ ರೋಗಿ ಯಾವ ಕೀಮೋ ಪಡೆದಿದ್ದಾನೆ ಎಂದು ಗೊತ್ತಿಲ್ಲದಿದ್ದರೆ ಕೆಮ್ಮಿನ ಸಿರಪ್, ಆಮೇಲೆ ಒಂದು ಆಂಟಿಬಯೋಟಿಕ್, ಆಮೇಲೆ ಟಿ.ಬಿ. ಮಾತ್ರೆ ಎಂದು ವಾರಗಳು ಕಳೆಯುತ್ತವೆ. ಔಷಧಿಯಿಂದಾದ ಉರಿಯೂತಕ್ಕೆ ಬೇಕಾದದ್ದು ಆ ಔಷಧಿಯನ್ನು ನಿಲ್ಲಿಸುವುದು ಮತ್ತು ತಜ್ಞರ ನಿಗಾದಲ್ಲಿ ಸ್ಟೆರಾಯ್ಡ್. ಬ್ಲಿಯೊಮೈಸಿನ್ ಅಷ್ಟೇ ಅಲ್ಲ, ಮೆಥೊಟ್ರೆಕ್ಸೇಟ್, ಬ್ಯುಸಲ್ಫಾನ್, ಜೆಮ್ಸಿಟಾಬಿನ್ ಕೂಡ ಇಂಥ ಉರಿಯೂತ ತರಬಲ್ಲವು. ಎದೆಗೆ ರೇಡಿಯೇಷನ್ ಪಡೆದವರಿಗೆ ಅದು ಮುಗಿದು ಒಂದರಿಂದ ಆರು ತಿಂಗಳೊಳಗೆ, ಎಲ್ಲ ಮುಗಿಯಿತು ಎಂದು ನಿರಾಳವಾಗಿರುವ ಹೊತ್ತಿನಲ್ಲಿ, ಕೆಮ್ಮು ಶುರುವಾಗಬಹುದು.

ಆಪರೇಷನ್ ಮಾಡಿಸಿಕೊಳ್ಳುವಾಗ ಬ್ಲಿಯೊಮೈಸಿನ್ ಪಡೆದದ್ದನ್ನು ಅರಿವಳಿಕೆ ವೈದ್ಯರಿಗೆ ತಪ್ಪದೆ ಹೇಳಬೇಕು. ಹೆಚ್ಚು ಪ್ರಮಾಣದ ಆಕ್ಸಿಜನ್ ಈ ಔಷಧಿ ಪಡೆದ ಶ್ವಾಸಕೋಶವನ್ನು ಕೆಡಿಸಬಲ್ಲದು. ಆಪರೇಷನ್ ನಂತರ ಇಂಥ ಐವರು ರೋಗಿಗಳು ಉಸಿರಾಟದ ತೊಂದರೆಯಿಂದ ತೀರಿಕೊಂಡದ್ದನ್ನು 1978ರಲ್ಲೇ ವೈದ್ಯರು ವರದಿ ಮಾಡಿದ್ದರು. ಅಪೆಂಡಿಕ್ಸ್‌ಗೋ ಹರ್ನಿಯಾಕ್ಕೋ ಬೇರೆ ಊರಿನ ನರ್ಸಿಂಗ್ ಹೋಮಿನಲ್ಲಿ ದಾಖಲಾದಾಗ ಯಾರು ಹೇಳುತ್ತಾರೆ ಇದನ್ನು? ರೋಗಿಗೆ ಔಷಧಿಯ ಹೆಸರೇ ಗೊತ್ತಿಲ್ಲದಿದ್ದರೆ ಯಾರೂ ಹೇಳುವುದಿಲ್ಲ.

ಇಷ್ಟೆಲ್ಲ ಹೇಳಿದರೆ ರೋಗಿಗಳು ಹೆದರಿ ಕೀಮೋ ಬಿಟ್ಟು ಓಡುತ್ತಾರೆ ಎಂಬ ಆಕ್ಷೇಪವಿದೆ. ಓಡಿಹೋಗುವವರು ಇದ್ದಾರೆ, ನಾಟಿ ಔಷಧಿಯ ಹಿಂದೆ ಬಿದ್ದು ಅಮೂಲ್ಯ ತಿಂಗಳುಗಳನ್ನು ಕಳೆದುಕೊಳ್ಳುವವರೂ ಇದ್ದಾರೆ. ಆದರೆ ಒಂದು ಸಣ್ಣ ಸಂಗತಿ ನೋಡಿ. ಕೆಂಪು ಔಷಧಿ ಹತ್ತಿಸುವಾಗ ಸಿಸ್ಟರ್ ತಪ್ಪದೆ ಹೇಳುತ್ತಾರೆ: ‘ಮೂತ್ರ ಕೆಂಪಗೆ ಹೋಗುತ್ತೆ, ಅದು ರಕ್ತ ಅಲ್ಲ, ಗಾಬರಿ ಆಗ್ಬೇಡಿ.’ ಕೂದಲು ಉದುರುತ್ತದೆ ಎಂದೂ ಹೇಳುತ್ತಾರೆ. ಹಾಗೆ ಹೇಳಿದ್ದರಿಂದ ಯಾರೂ ಓಡಿಹೋಗಿಲ್ಲ. ಹೇಳದೆ ಇದ್ದಿದ್ದರೆ ಮನೆಗೆ ಹೋಗಿ ಕೆಂಪು ಮೂತ್ರ ಕಂಡು ಗಾಬರಿಯಾಗುತ್ತಿದ್ದರು. ಅದೇ ಉಸಿರಿನಲ್ಲಿ ‘ಮಲಗಿದಾಗ ಉಸಿರು ಕಟ್ಟಿದರೆ, ಕಾಲು ಊದಿದರೆ ಮುಂದಿನ ಸೈಕಲ್ ತನಕ ಕಾಯಬೇಡಿ, ಈ ನಂಬರ್‌ಗೆ ಫೋನ್ ಮಾಡಿ’ ಎಂದು ಸೇರಿಸಲು ಅರ್ಧ ನಿಮಿಷ ಸಾಕು. ಹೇಳುವ ರೀತಿಯಲ್ಲಿ ಮಮತೆ ಇದ್ದರೆ ಸತ್ಯ ಹೆದರಿಸುವುದಿಲ್ಲ.

ಖರ್ಚಿನ, ನೂಕುನುಗ್ಗಲಿನ ಆಕ್ಷೇಪ ಹೆಚ್ಚು ತೂಕದ್ದು. ದೊಡ್ಡ ಸರ್ಕಾರಿ ಆಸ್ಪತ್ರೆಯ ಓಪಿಡಿಯಲ್ಲಿ ವೈದ್ಯರಿಗೆ ಒಬ್ಬ ರೋಗಿಗೆ ಸಿಗುವುದು ಕೆಲವೇ ನಿಮಿಷ. ಎಲ್ಲರಿಗೂ ಪದೇ ಪದೇ ಎಕೋ ಮಾಡಿ ಎನ್ನುವುದು ಸುಲಭವಲ್ಲ. ಯುರೋಪಿನ ಹೃದ್ರೋಗ ತಜ್ಞರ ಸಂಘ 2022ರಲ್ಲಿ ಕ್ಯಾನ್ಸರ್ ರೋಗಿಗಳ ಹೃದಯದ ಬಗ್ಗೆ ತನ್ನ ಮೊದಲ ಮಾರ್ಗಸೂಚಿಯನ್ನು ಹೊರಡಿಸಿದಾಗ ಅದರ ತಿರುಳೂ ಇದೇ ಆಗಿತ್ತು: ಚಿಕಿತ್ಸೆಗೆ ಮೊದಲೇ ಯಾರಿಗೆ ಅಪಾಯ ಹೆಚ್ಚು, ಯಾರಿಗೆ ಕಡಿಮೆ ಎಂದು ವಿಂಗಡಿಸಿ, ಹೆಚ್ಚಿನ ಅಪಾಯದವರನ್ನು ಹತ್ತಿರದಿಂದ ನೋಡಿ. ಎಲ್ಲರಿಗೂ ಎಲ್ಲ ಪರೀಕ್ಷೆ ಬೇಡ. ಆದರೆ ಹೃದಯಕ್ಕೆ ತೊಂದರೆ ಕೊಡಬಲ್ಲ ಔಷಧಿ ಶುರುವಾಗುವ ಮೊದಲು ಒಂದು ಇಸಿಜಿ, ಒಂದು ಎಕೋ ಎಲ್ಲರಿಗೂ ಬೇಕು. ಎಕೋದಲ್ಲಿ ಬರುವ ಇ.ಎಫ್. ಎಂಬ ಸಂಖ್ಯೆ, ಅಂದರೆ ಪ್ರತಿ ಬಡಿತಕ್ಕೆ ಹೃದಯದ ಎಡ ಕೋಣೆ ತನ್ನೊಳಗಿನ ರಕ್ತದಲ್ಲಿ ಎಷ್ಟು ಪಾಲನ್ನು ಹೊರಕ್ಕೆ ತಳ್ಳುತ್ತದೆ ಎನ್ನುವುದು, ಸಾಮಾನ್ಯವಾಗಿ 55 ಶೇಕಡಾಕ್ಕಿಂತ ಮೇಲಿರುತ್ತದೆ. ಮೊದಲು 65 ಇದ್ದದ್ದು ಈಗ 52 ಆಗಿದೆ ಎಂದು ತಿಳಿಯಬೇಕಾದರೆ ಆ 65 ಎಲ್ಲಾದರೂ ಬರೆದಿರಬೇಕಲ್ಲ. ಮೊದಲ ಅಳತೆ ಇಲ್ಲದಿದ್ದರೆ 52 ನೋಡಿ ‘ಪರವಾಗಿಲ್ಲ’ ಎಂದುಕೊಳ್ಳುತ್ತೇವೆ.

ಮೂರನೆಯ ಆಕ್ಷೇಪ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದೆ. ಹೃದಯದ ಚಿಂತೆಯಲ್ಲಿ ಕ್ಯಾನ್ಸರ್ ಔಷಧಿಯ ಪ್ರಮಾಣ ಕಡಿಮೆ ಮಾಡಿದರೆ, ಗುಣವಾಗಬೇಕಿದ್ದ ಕ್ಯಾನ್ಸರ್ ಗುಣವಾಗದೆ ಹೋದರೆ? ಇದು ನಿಜವಾದ ಅಪಾಯ. ಚಿಕಿತ್ಸೆಯ ಹೊತ್ತಿನಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರೇ ದೊಡ್ಡ ಶತ್ರು. ಹಾಗಾಗಿಯೇ ನಿರ್ಧಾರ ಒಬ್ಬರದ್ದಾಗಬಾರದು. ಎಕೋ ಸ್ವಲ್ಪ ಇಳಿದಿದ್ದನ್ನು ಕಂಡು ಹೃದಯದ ವೈದ್ಯರು ‘ಕೀಮೋ ನಿಲ್ಲಿಸಿ’ ಎಂದು ಚೀಟಿ ಬರೆದು ಕಳಿಸುವುದೂ, ಆ ಚೀಟಿಯನ್ನು ನೋಡದೆ ಕೀಮೋ ಮುಂದುವರಿಸುವುದೂ ಎರಡೂ ತಪ್ಪು. ಹೃದಯ ಕಾಯುವ ದಾರಿಗಳು ಹಲವಿವೆ. ಬಿಪಿಯನ್ನು ಹತೋಟಿಗೆ ತರುವುದು, ಲೈಪೊಸೋಮ್ ಎಂಬ ಕೊಬ್ಬಿನ ಸೂಕ್ಷ್ಮ ಗುಳ್ಳೆಯೊಳಗೆ ಕೂಡಿಸಿದ ಡಾಕ್ಸೊರುಬಿಸಿನ್ ಬಳಸುವುದು, ಡೆಕ್ಸ್‌ರಜೋಕ್ಸೇನ್ ಎಂಬ ರಕ್ಷಕ ಔಷಧಿಯನ್ನು ಮೊದಲು ಕೊಡುವುದು. ಕ್ಯಾನ್ಸರ್ ವೈದ್ಯರು ಮತ್ತು ಹೃದಯದ ವೈದ್ಯರು ಒಂದು ಫೋನ್ ಕರೆಯಲ್ಲಿ ಮಾತಾಡಿಕೊಂಡರೆ ಕೀಮೋ ನಿಲ್ಲಿಸದೆಯೇ ಹೃದಯವನ್ನು ಕಾಯುವ ದಾರಿ ಬಹಳ ಸಲ ಸಿಗುತ್ತದೆ. ಇನ್ನೂ ಒಂದು ಮಾತಿದೆ. ಅಮೆರಿಕದಲ್ಲಿ ಅರವತ್ತಾರು ದಾಟಿದ ಸ್ತನ ಕ್ಯಾನ್ಸರ್ ರೋಗಿಗಳ ಬಗ್ಗೆ 2011ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಅವರ ಸಾವಿಗೆ ಮೊದಲ ಕಾರಣವಾಗಿ ಕಂಡದ್ದು ಹೃದಯ ಮತ್ತು ರಕ್ತನಾಳದ ಕಾಯಿಲೆ. ಸ್ತನ ಕ್ಯಾನ್ಸರ್ ಅದರ ನಂತರ. ಕ್ಯಾನ್ಸರ್ ಗೆದ್ದವರ ಬಾಳು ಮುಂದೆಯೂ ಇದೆ ಎಂದು ಒಪ್ಪಿಕೊಂಡರೆ ಹೃದಯದ ಲೆಕ್ಕವನ್ನು ಇಂದೇ ಇಡಬೇಕಾಗುತ್ತದೆ. ರಕ್ತದ ಕ್ಯಾನ್ಸರ್ ಗೆದ್ದ ಮಕ್ಕಳ ವಿಷಯದಲ್ಲಂತೂ ಈ ಮಾತು ಇನ್ನೂ ಹೆಚ್ಚು ಸತ್ಯ. ಅವರ ಹೃದಯದ ತೊಂದರೆ ದಶಕಗಳ ಮೇಲೂ, ಹೆಣ್ಣುಮಕ್ಕಳಲ್ಲಿ ಬಸಿರಿನ ಹೊತ್ತಿನಲ್ಲೂ ತಲೆ ಎತ್ತಬಹುದು.

ನಮ್ಮ ನಾಡಿನಲ್ಲಿ ಕ್ಯಾನ್ಸರ್ ಎಂದರೆ ಕಿದ್ವಾಯಿ, ಹೃದಯ ಎಂದರೆ ಜಯದೇವ ಎಂದು ಬೀದರಿನಿಂದ ಚಾಮರಾಜನಗರದವರೆಗೆ ಜನ ಹೇಳುತ್ತಾರೆ. ಬೆಂಗಳೂರಿನಲ್ಲಿ ಈ ಎರಡೂ ಸಂಸ್ಥೆಗಳ ನಡುವೆ ಇರುವುದು ಕೆಲವೇ ಕಿಲೋಮೀಟರ್ ದೂರ. ಕಲಬುರಗಿಯಲ್ಲೂ ಎರಡರ ಕೇಂದ್ರಗಳಿವೆ. ಬಡವರ ಪಾಲಿಗೆ ಎರಡೂ ದೊಡ್ಡ ಆಸರೆ, ಆ ಋಣ ನಾಡಿನ ಮೇಲಿದೆ. ಇಂಥ ಎರಡು ಸಾರ್ವಜನಿಕ ಸಂಸ್ಥೆಗಳು ಒಂದೇ ಊರಿನಲ್ಲಿರುವ ಭಾಗ್ಯ ಎಷ್ಟು ರಾಜ್ಯಗಳಿಗಿದೆ? ಕೀಮೋ ಪಡೆಯುವವರ ಹೃದಯವನ್ನು ಜೊತೆಯಾಗಿ ನೋಡಿಕೊಳ್ಳುವ ಕೆಲಸದಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿಸಬಲ್ಲದು. ರೋಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಫೈಲು ಹೊತ್ತು ಅಲೆಯದೆ ವರದಿಯೇ ಅಲೆಯುವ ವ್ಯವಸ್ಥೆ ಬೇಕು. ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಕಡೆಯೂ ಬೇಕು.

ಅದರ ಜೊತೆಗೆ ಒಂದು ಹಾಳೆ ಬೇಕು, ಕನ್ನಡದಲ್ಲಿ. ಯಾವ ಯಾವ ಔಷಧಿ ಕೊಟ್ಟರು, ಪ್ರತಿಯೊಂದರ ಒಟ್ಟು ಪ್ರಮಾಣ ಎಷ್ಟು, ಎದೆಯ ಯಾವ ಬದಿಗೆ ರೇಡಿಯೇಷನ್, ಶುರುವಿನಲ್ಲಿ ಇ.ಎಫ್. ಎಷ್ಟಿತ್ತು, ಕೊನೆಯಲ್ಲಿ ಎಷ್ಟಾಯಿತು, ಮುಂದಿನ ಎಕೋ ಯಾವಾಗ. ಹತ್ತು ವರ್ಷದ ಮೇಲೆ ಕ್ಯಾನ್ಸರ್ ಮರುಕಳಿಸಿದರೆ ಹೊಸ ವೈದ್ಯರಿಗೆ ಮೊದಲು ಬೇಕಾಗುವುದು ಆ ಹಳೆಯ 240 ಎಂಬ ಸಂಖ್ಯೆ. ಇಂಗ್ಲಿಷಿನ ಡಿಸ್ಚಾರ್ಜ್ ಸಮ್ಮರಿಯ ಮೂಲೆಯಲ್ಲಿ ಅದು ಹುದುಗಿದ್ದು, ಆ ಸಮ್ಮರಿ ಮನೆ ಬದಲಿಸುವಾಗ ಕಳೆದುಹೋದರೆ ಏನು ಮಾಡುವುದು? ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ‘ತಾಯಿ ಮಗು’ವಿನಂಥ ಪುಸ್ತಕಗಳಲ್ಲಿ ಬಸಿರು ಬಾಣಂತನದ ವೈದ್ಯಕೀಯವನ್ನು ಮನೆಯ ಮಾತಿನಲ್ಲಿ ತಿಳಿಸಿಕೊಟ್ಟರು. ಒಂದು ಪೀಳಿಗೆಯ ಹೆಂಗಸರು ಅದನ್ನು ಓದಿ ಧೈರ್ಯ ಪಡೆದರು. ಕೀಮೋ ಪಡೆಯುವವರಿಗೆ ಆ ಮಟ್ಟದ, ಆ ಕಾಳಜಿಯ ಕನ್ನಡ ಬರವಣಿಗೆ ಇಂದು ಬೇಕಾಗಿದೆ.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ತೂಕ ನೋಡಿ ಬರೆದಿಡಿ. ಊಟ ಕಡಿಮೆಯಾಗಿದ್ದೂ ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಮೈಗೆ ನೀರು ಸೇರಿದ ಲಕ್ಷಣ. ಒಂದು ದಿಂಬಿನಲ್ಲಿ ಮಲಗುತ್ತಿದ್ದವರು ಮೂರು ದಿಂಬು ಕೇಳತೊಡಗಿದರೆ, ನಡುರಾತ್ರಿ ಉಸಿರು ಕಟ್ಟಿ ಎದ್ದು ಕೂತರೆ ಬೆಳಿಗ್ಗೆಯೇ ಆಸ್ಪತ್ರೆಗೆ ಫೋನ್ ಮಾಡಿ. ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಡ್ರಾಯರ್‌ನಲ್ಲಿದ್ದರೆ ಹೊರಗೆ ತೆಗೆಯಿರಿ. ಕುಳಿತಲ್ಲಿ ಮಾತ್ರ ನೋಡಬೇಡಿ. ಹಜಾರದಲ್ಲಿ ನಾಲ್ಕಾರು ಸಲ ನಡೆದಾಡಿದ ಮೇಲೂ ನೋಡಿ. ಕುಳಿತಾಗ 97 ಇದ್ದದ್ದು ನಡೆದ ಮೇಲೆ 90ಕ್ಕೆ ಇಳಿದರೆ ಶ್ವಾಸಕೋಶ ಏನೋ ಹೇಳುತ್ತಿದೆ.

ಬಾಯಿರುಚಿ ಕೆಟ್ಟವರಿಗೆ ನಾವು ಪ್ರೀತಿಯಿಂದ ಗಂಜಿಯ ಜೊತೆ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಬಡಿಸುತ್ತೇವೆ. ಹೃದಯ ಬಲಗುಂದಿದವರಿಗೆ ಆ ಉಪ್ಪು ನೀರನ್ನು ಹಿಡಿದಿಡುತ್ತದೆ; ನಿಂಬೆರಸ, ಹುಣಸೆಯ ಹುಳಿ, ಕೊತ್ತಂಬರಿ, ಜೀರಿಗೆಯಲ್ಲಿ ರುಚಿ ಹುಡುಕಬಹುದು. ‘ನೀರು ಚೆನ್ನಾಗಿ ಕುಡೀರಿ’ ಎಂದು ಕೀಮೋ ವಾರ್ಡಿನಲ್ಲಿ ಹೇಳುತ್ತಾರೆ, ‘ನೀರು ಕಡಿಮೆ ಮಾಡಿ’ ಎಂದು ಹೃದಯದ ವೈದ್ಯರು ಹೇಳುತ್ತಾರೆ. ಎರಡು ಸಲಹೆ ಡಿಕ್ಕಿ ಹೊಡೆದಾಗ ಮನೆಯಲ್ಲೇ ತೀರ್ಮಾನಿಸಬೇಡಿ, ದಿನಕ್ಕೆ ಎಷ್ಟು ಲೋಟ ಎಂದು ಇಬ್ಬರನ್ನೂ ಕೇಳಿ ಬರೆಸಿಕೊಳ್ಳಿ. ಕಷಾಯ, ಚೂರ್ಣ ತೆಗೆದುಕೊಳ್ಳುತ್ತಿದ್ದರೆ ಸಂಕೋಚವಿಲ್ಲದೆ ಹೇಳಿ. ಪೂರ್ತಿ ಮಲಗಿಸಿಬಿಡುವುದೂ ಒಳ್ಳೆಯದಲ್ಲ. ಕ್ಯಾನ್ಸರ್ ಇರುವವರಲ್ಲಿ ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಅದು ಶ್ವಾಸಕೋಶಕ್ಕೆ ಹಾರುವ ಅಪಾಯ ಬೇರೆಯವರಿಗಿಂತ ಹೆಚ್ಚು. ವೈದ್ಯರು ಒಪ್ಪಿದಷ್ಟು ದಿನಾ ನಡೆಯಲಿ. ಮನೆಯಲ್ಲಿ ಯಾರೂ ಬೀಡಿ ಸಿಗರೇಟು ಸೇದಬಾರದು, ಒಲೆಯ ಹೊಗೆಯೂ ಧೂಪದ ಹೊಗೆಯೂ ರೋಗಿಯ ಕೋಣೆಗೆ ಬರಬಾರದು.

ಕೆಲವನ್ನು ಬೆಳಗಿನವರೆಗೂ ಕಾಯಿಸುವಂತಿಲ್ಲ. 5-ಎಫ್‌ಯು ಡ್ರಿಪ್ ಅಥವಾ ಕೆಪೆಸಿಟಾಬಿನ್ ಮಾತ್ರೆ ಪಡೆಯುತ್ತಿರುವವರಿಗೆ ಎದೆ ಹಿಡಿದಂತೆ ನೋವು ಬಂದರೆ ಅದು ಹೃದಯದ ರಕ್ತನಾಳ ಬಿಗಿಯುತ್ತಿರುವುದರಿಂದ ಇರಬಹುದು. ಮುಂದಿನ ಮಾತ್ರೆ ನುಂಗದೆ ತುರ್ತು ಚಿಕಿತ್ಸೆಗೆ ಹೋಗಬೇಕು, ಗ್ಯಾಸ್ ಎಂದು ಜೀರಿಗೆ ನೀರು ಕುಡಿಸಿ ಕೂರಬಾರದು. ಒಂದೇ ಕಾಲು ಊದಿ ನೋವಾಗಿ ಹಠಾತ್ತನೆ ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ, ತಲೆ ಸುತ್ತಿ ಬಿದ್ದರೆ, 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರದ ಜೊತೆ ಏದುಸಿರು ಬಂದರೆ ಆ ಗಳಿಗೆಯಲ್ಲೇ ಹೊರಡಬೇಕು. ಡ್ರಿಪ್ ಹೋಗುತ್ತಿರುವಾಗಲೇ ಎದೆ ಬಿಗಿದರೆ ಬಾಟಲಿ ಮುಗಿಯಲಿ ಎಂದು ಸುಮ್ಮನಿರದೆ ಸಿಸ್ಟರನ್ನು ಕೂಗಿ ಕರೆಯಬೇಕು.

ನಿಮ್ಮ ಮನೆಯಲ್ಲಿ ಯಾರಾದರೂ ಕೀಮೋ ಪಡೆಯುತ್ತಿದ್ದರೆ ಮುಂದಿನ ಸೈಕಲ್‌ಗೆ ಹೋದಾಗ ವೈದ್ಯರನ್ನು ಇಷ್ಟು ಕೇಳಿ: ಈ ಔಷಧಿಗಳಲ್ಲಿ ಹೃದಯಕ್ಕೆ, ಶ್ವಾಸಕೋಶಕ್ಕೆ ತೊಂದರೆ ಕೊಡುವುದು ಯಾವುದು? ಇದುವರೆಗೆ ಒಟ್ಟು ಎಷ್ಟು ಹೋಗಿದೆ? ಮೊದಲ ಎಕೋದಲ್ಲಿ ಇ.ಎಫ್. ಎಷ್ಟಿತ್ತು, ಮುಂದಿನದು ಯಾವಾಗ? ರಾತ್ರಿ ಹೊತ್ತು ಉಸಿರು ಕಟ್ಟಿದರೆ ಯಾರಿಗೆ ಫೋನ್ ಮಾಡಬೇಕು? ಉತ್ತರಗಳನ್ನು ಫೈಲಿನ ಮೊದಲ ಪುಟದಲ್ಲೇ ಬರೆಸಿಕೊಳ್ಳಿ, ಅದರ ಫೋಟೋ ತೆಗೆದು ಮನೆಯ ಇನ್ನೊಬ್ಬರ ಫೋನಿನಲ್ಲೂ ಇಡಿ.